ವಿನ್ಯಾಸ ಸ್ಪರ್ಧೆಗೆ ಇಳಿಯುವ ಅಪ್ರೆಂಟಿಸ್‌ಗಳಿಗೆ: ನಿಯಮಾವಳಿಯಿಂದ ಅಳತೆಯ ಪಟ್ಟಿಯವರೆಗೆ

ಎಂಜಿನಿಯರಿಂಗ್ ಅಪ್ರೆಂಟಿಸ್‌ಗಳು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇರುತ್ತವೆ. ವಿನ್ಯಾಸ ಸ್ಪರ್ಧೆಗೆ ಹೆಸರು ಕೊಡಬೇಕೆಂದಿದ್ದೇವೆ, ಎಲ್ಲಿಂದ ಶುರು ಮಾಡುವುದು? ಕಾಲೇಜಿನವರ ಜೊತೆ ಲೆಕ್ಕದಲ್ಲಿ ಪೈಪೋಟಿ ನಡೆಸಲು ನಮ್ಮಿಂದ ಆಗುತ್ತದೆಯೇ? ಗೆಲ್ಲದಿದ್ದರೆ ಅಷ್ಟೂ ಸಂಜೆಗಳು ದಂಡವಲ್ಲವೇ? ಧೈರ್ಯವಾಗಿ ಇಳಿಯಿರಿ ಎಂಬುದು ನನ್ನ ಉತ್ತರ. ಹೇಗೆ ಇಳಿಯಬೇಕು ಎಂಬುದನ್ನು ಹಂತ ಹಂತವಾಗಿ ಕೆಳಗೆ ಬರೆದಿದ್ದೇನೆ.

ಮೊದಲು ಒಂದು ಮಾತು. ದಿನನಿತ್ಯದ ಕೆಲಸದಲ್ಲಿ ಅಪ್ರೆಂಟಿಸ್ ಕೈಗೆ ಸಿಗುವುದು ಒಂದು ತುಂಡು ಮಾತ್ರ. ಡ್ರಾಯಿಂಗ್ ಬೇರೆಯವರದು, ಅದನ್ನು ಜೋಡಿಸುವವರು ಬೇರೆಯವರು, ಅದು ಓಡಿತೋ ಮುರಿಯಿತೋ ಎಂಬ ಸುದ್ದಿ ನಿಮ್ಮವರೆಗೆ ಬರುವುದೇ ಇಲ್ಲ. ಸ್ಪರ್ಧೆಯಲ್ಲಿ ಇಡೀ ಸುತ್ತು ನಿಮ್ಮದೇ. ಸಮಸ್ಯೆಯನ್ನು ಓದಿ, ಲೆಕ್ಕ ಹಾಕಿ, ಗೆರೆ ಎಳೆದು, ಲೋಹ ಕಡಿದು, ಕೊನೆಗೆ ಅಳೆದು ನೋಡುತ್ತೀರಿ. 'ಇಷ್ಟು ಬರುತ್ತದೆ' ಎಂದು ನೀವೇ ಬರೆದ ಅಂಕಿಯನ್ನು 'ಇಷ್ಟು ಬಂತು' ಎಂಬ ಅಂಕಿಯ ಪಕ್ಕದಲ್ಲಿಟ್ಟು ನೋಡುವ ಅವಕಾಶ ಬೇರೆಲ್ಲೂ ಇಷ್ಟು ಬೇಗ ಸಿಗುವುದಿಲ್ಲ. ಈ ಲೇಖನದ ಉಳಿದ ಸಲಹೆಗಳಲ್ಲಿ ಬಹುಪಾಲು ಆ ಎರಡು ಅಂಕಿಗಳನ್ನು ಒಂದೇ ಹಾಳೆಗೆ ತರುವುದಕ್ಕಾಗಿಯೇ ಇವೆ.

ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದವು

ನಾಲ್ಕರಿಂದ ಆರು ಜನರ ತಂಡ. ಕೆಲಸದ ವೇಳೆಯ ನಂತರ ಯಂತ್ರಗಳನ್ನು ಬಳಸಲು ಸೂಪರ್‌ವೈಸರ್ ಕೊಟ್ಟ ಲಿಖಿತ ಅನುಮತಿ. ಕೇಳಿದಾಗ ಉತ್ತರ ಕೊಡುವ, ಆದರೆ ನಿಮ್ಮ ಕೈಯಿಂದ ಪೆನ್ಸಿಲ್ ಕಿತ್ತುಕೊಳ್ಳದ ಒಬ್ಬ ಹಿರಿಯರು. ಪುಟಗಳಿಗೆ ಸಂಖ್ಯೆ ಹಾಕಿದ, ಹಾಳೆ ಕೀಳಲಾಗದ ಒಂದು ಗಟ್ಟಿ ನೋಟ್‌ಬುಕ್. ಸಿಎಡಿ, ಅಂದರೆ ಕಂಪ್ಯೂಟರಿನಲ್ಲಿ ಭಾಗಗಳ ಮಾದರಿ ಮತ್ತು ಡ್ರಾಯಿಂಗ್ ಮಾಡುವ ತಂತ್ರಾಂಶ, ಒಂದಿಬ್ಬರಿಗಾದರೂ ಬಂದಿರಬೇಕು. ಎಲ್ಲರಿಗೂ ಬರಬೇಕೆಂದಿಲ್ಲ. ಆದರೆ ಡ್ರಾಯಿಂಗ್ ಓದಲು ಎಲ್ಲರಿಗೂ ಬರಲೇಬೇಕು.

1. ನಿಮಗೆ ಒಗ್ಗುವ ಸ್ಪರ್ಧೆಯನ್ನು ಆರಿಸಿಕೊಳ್ಳಿ

ಸ್ಪರ್ಧೆಗಳಲ್ಲಿ ಮೂರು ಬಗೆ. ಕಾಗದದ ಮೇಲಿನ ವಿನ್ಯಾಸ ಮತ್ತು ವರದಿಯನ್ನಷ್ಟೇ ಕೇಳುವವು ಒಂದು ಬಗೆ. ಯಂತ್ರವನ್ನು ಕಟ್ಟಿ ತಂದು ಓಡಿಸಿ ತೋರಿಸಬೇಕಾದವು ಇನ್ನೊಂದು. ಮೂರನೆಯ ಬಗೆಯಲ್ಲಿ ಕೆಲಸವನ್ನು ಸ್ಥಳದಲ್ಲೇ ಕೊಟ್ಟು ಗಂಟೆಗಳ ಲೆಕ್ಕದಲ್ಲಿ ಮುಗಿಸಲು ಹೇಳುತ್ತಾರೆ.

ಬ್ರಿಟನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಮೆಕ್ಯಾನಿಕಲ್ ಎಂಜಿನಿಯರ್ಸ್ 2012ರಿಂದ ನಡೆಸುತ್ತಿರುವ ರೈಲ್ವೆ ಚಾಲೆಂಜ್ ಎರಡನೆಯ ಬಗೆಯದು. ವಿದ್ಯಾರ್ಥಿಗಳು, ಆಗತಾನೇ ಪದವಿ ಮುಗಿಸಿದವರು ಮತ್ತು ಅಪ್ರೆಂಟಿಸ್‌ಗಳು 10¼ ಇಂಚು ಅಗಲದ ಹಳಿಯ ಮೇಲೆ ಓಡುವ ಪುಟ್ಟ ಲೋಕೋಮೋಟಿವ್ ಕಟ್ಟಿ, ಲೆಸ್ಟರ್‌ಶೈರ್‌ನ ಸ್ಟೇಪಲ್‌ಫರ್ಡ್ ಕಿರು ರೈಲುಮಾರ್ಗದಲ್ಲಿ ಓಡಿಸುತ್ತಾರೆ. ಎಳೆಯುವ ಶಕ್ತಿಗೆ ಮಾತ್ರವಲ್ಲ, ಸದ್ದು, ಪ್ರಯಾಣದ ಹಿತ, ಬ್ರೇಕ್ ಹಾಕಿದಾಗ ಉಳಿಸಿಕೊಂಡ ಶಕ್ತಿ, ದುರಸ್ತಿಯ ಸುಲಭತೆ, ಇವಕ್ಕೂ ಅಲ್ಲಿ ಅಂಕಗಳಿವೆ. 1950ರಲ್ಲಿ ಸ್ಪೇನ್‌ನಲ್ಲಿ ಹುಟ್ಟಿದ ವರ್ಲ್ಡ್‌ಸ್ಕಿಲ್ಸ್ ಮೂರನೆಯ ಬಗೆಗೆ ಸೇರಿದ್ದು. ಅದರ ಮೆಕಟ್ರಾನಿಕ್ಸ್ ವಿಭಾಗದಲ್ಲಿ ಇಬ್ಬರ ಜೋಡಿ ಯಂತ್ರ, ವಿದ್ಯುತ್, ನಿಯಂತ್ರಣ ಮೂರನ್ನೂ ಸೇರಿಸಿ ಕೆಲಸ ಮಾಡಿ ತೋರಿಸಬೇಕು.

ಮೊದಲ ಸಲ ಇಳಿಯುವವರಿಗೆ ನನ್ನ ಸಲಹೆ ಇದು: ಚಿಕ್ಕದಾದರೂ ಚಿಂತೆಯಿಲ್ಲ, ಕಟ್ಟಿ ಓಡಿಸುವ ಸ್ಪರ್ಧೆಯನ್ನೇ ಆರಿಸಿ. ಬರೀ ವರದಿಯ ಸ್ಪರ್ಧೆಯಲ್ಲಿ ನಿಮ್ಮ ತಪ್ಪನ್ನು ಯಾರೋ ಹೇಳಬೇಕು. ಕಟ್ಟಿದ ಯಂತ್ರ ಅದನ್ನು ತಾನೇ ತೋರಿಸಿಬಿಡುತ್ತದೆ.

2. ನಿಯಮಾವಳಿಯನ್ನು ಪೆನ್ಸಿಲ್ ಹಿಡಿದು ಓದಿ

ಎಲ್ಲರೂ ಬೇರೆ ಬೇರೆಯಾಗಿ ಓದಿ, ಆಮೇಲೆ ಒಟ್ಟಿಗೆ ಕುಳಿತುಕೊಳ್ಳಿ. 'ಬೇಕೇ ಬೇಕು' ಎಂಬುದನ್ನು ಒಂದು ಬಣ್ಣದಲ್ಲಿ, 'ಇದ್ದರೆ ಒಳ್ಳೆಯದು' ಎಂಬುದನ್ನು ಇನ್ನೊಂದು ಬಣ್ಣದಲ್ಲಿ ಗುರುತಿಸಿ. ನಂತರ ಅವುಗಳನ್ನು ಅಗತ್ಯಗಳ ಪಟ್ಟಿಯಾಗಿ ಬರೆಯಿರಿ. ಪ್ರತಿ ಸಾಲಿನಲ್ಲಿ ಮೂರು ಅಂಶ ಇರಲಿ: ಏನು ಬೇಕು, ಎಷ್ಟು ಬೇಕು, ಅದು ಆಗಿದೆಯೆಂದು ಹೇಗೆ ಪರೀಕ್ಷಿಸುತ್ತೀರಿ. 'ಹಗುರವಾಗಿರಬೇಕು' ಎಂದು ಬರೆದರೆ ಅದು ಆಸೆ. '12 ಕೆ.ಜಿ. ಮೀರಬಾರದು, ತಕ್ಕಡಿಯಲ್ಲಿಟ್ಟು ನೋಡುವುದು' ಎಂದು ಬರೆದರೆ ಅದು ಅಗತ್ಯ.

ಅಂಕಗಳ ಹಂಚಿಕೆಯನ್ನು ಅಷ್ಟೇ ಗಮನವಿಟ್ಟು ನೋಡಿ. 1981ರಲ್ಲಿ ಅಮೆರಿಕದಲ್ಲಿ ಶುರುವಾದ ಫಾರ್ಮುಲಾ ಎಸ್‌ಎಇ ಎಂಬ ವಿದ್ಯಾರ್ಥಿಗಳ ರೇಸ್ ಕಾರ್ ಸ್ಪರ್ಧೆಯ ಅಂಕಗಳು ಇದಕ್ಕೆ ಒಳ್ಳೆಯ ಪಾಠ. ಅಲ್ಲಿ ಒಟ್ಟು 1000 ಅಂಕ. ವಿನ್ಯಾಸದ ವಿವರಣೆಗೆ 150, ವೆಚ್ಚಕ್ಕೆ 100, ವ್ಯವಹಾರದ ಮಂಡನೆಗೆ 75, ಹೀಗೆ 325 ಅಂಕಗಳು ಕಾರು ಒಂದಡಿ ಕದಲುವ ಮೊದಲೇ ತೀರ್ಮಾನವಾಗುತ್ತವೆ. ಓಡುವ ಭಾಗದಲ್ಲಿ ದೊಡ್ಡ ಪಾಲು ದೂರದ ಓಟದ ತಾಳಿಕೆಗೆ: 275. ನೇರ ಓಟದ ವೇಗಕ್ಕೆ ಇರುವುದು 100 ಮಾತ್ರ. ಈ ಪಟ್ಟಿ ಓದಿದ ತಂಡ ಎಂಜಿನ್ನಿನ ಹಿಂದೆ ಓಡುವ ಮೊದಲು ಕೊನೆಯ ಸುತ್ತಿನವರೆಗೆ ಬಾಳುವ ಕಾರಿನ ಬಗ್ಗೆ ಯೋಚಿಸುತ್ತದೆ. ನಿಮ್ಮ ಸ್ಪರ್ಧೆಯಲ್ಲೂ ಇಂಥದ್ದೊಂದು ಸುಳಿವು ಇದ್ದೇ ಇರುತ್ತದೆ.

ಹೆಚ್ಚಿನವರು ಎಡವುವುದು ಅಸ್ಪಷ್ಟ ನಿಯಮದ ಬಳಿ. ತಮಗೆ ಅನುಕೂಲವಾಗುವಂತೆ ಅರ್ಥ ಮಾಡಿಕೊಂಡು ಮುಂದೆ ಹೋಗುತ್ತಾರೆ. ಹಾಗೆ ಮಾಡಬೇಡಿ. ಸಂಘಟಕರಿಗೆ ಬರೆದು ಕೇಳಿ, ಬಂದ ಉತ್ತರವನ್ನು ಮುದ್ರಿಸಿ ನೋಟ್‌ಬುಕ್ಕಿಗೆ ಅಂಟಿಸಿ. ತಪಾಸಣೆಯ ಮೇಜಿನ ಮುಂದೆ ನಿಂತಾಗ ನಿಮ್ಮ ಕೈಹಿಡಿಯುವುದು ಆ ಕಾಗದವೇ.

3. ಕೆಲಸ ಹಂಚಿಕೊಳ್ಳಿ, ಆದರೆ ಗೋಡೆ ಕಟ್ಟಬೇಡಿ

ಲೇತ್ ಚೆನ್ನಾಗಿ ಬರುವವನಿಗೆ ಬರೀ ಲೇತ್, ಸಿಎಡಿ ಬರುವವಳಿಗೆ ಬರೀ ಸಿಎಡಿ ಕೊಟ್ಟರೆ ಕೆಲಸ ಬೇಗ ಮುಗಿಯುವುದು ನಿಜ. ಆದರೆ ಅನುಭವ ಸಿಗುವುದಿಲ್ಲ. ತಂಡದ ಪ್ರತಿಯೊಬ್ಬರೂ ಕನಿಷ್ಠ ಒಂದು ಭಾಗವನ್ನು ಲೆಕ್ಕದಿಂದ ಡ್ರಾಯಿಂಗ್‌ವರೆಗೆ, ಡ್ರಾಯಿಂಗ್‌ನಿಂದ ಯಂತ್ರದವರೆಗೆ, ಅಳತೆಯವರೆಗೆ ತಾವೇ ಕೊಂಡೊಯ್ಯಬೇಕು ಎಂಬ ಕರಾರು ಮಾಡಿಕೊಳ್ಳಿ. ನಿಧಾನವಾಗುತ್ತದೆ, ಆಗಲಿ.

ಇಬ್ಬರ ಕೆಲಸ ಕೂಡುವ ಜಾಗವನ್ನು, ಅಂದರೆ ಇವರ ಮೋಟಾರು ಅವರ ಚೌಕಟ್ಟಿಗೆ ಕೂರುವ ಕಡೆ ಎಷ್ಟು ರಂಧ್ರ, ಎಷ್ಟು ಅಂತರ, ಯಾವ ಬೋಲ್ಟ್ ಎಂಬುದನ್ನು, ಮೊದಲ ವಾರದಲ್ಲೇ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಬಾಯಿಮಾತಿನಲ್ಲಿ ಒಪ್ಪಿದ ಅಳತೆಯೇ ಜೋಡಣೆಯ ದಿನ ಜಗಳ ತರುವುದು.

4. ಮೊದಲು ಕೈಯಲ್ಲಿ ಬಿಡಿಸಿ, ಆಮೇಲೆ ಆರಿಸಿ

ಒಟ್ಟಿಗೆ ಕೂತು ಉಪಾಯ ಹುಡುಕಿದರೆ ಗಟ್ಟಿ ಗಂಟಲಿನವರ ಉಪಾಯ ಗೆಲ್ಲುತ್ತದೆ. ಆದ್ದರಿಂದ ಒಬ್ಬೊಬ್ಬರೂ ಪ್ರತ್ಯೇಕವಾಗಿ ಮೂರು ನಾಲ್ಕು ರೇಖಾಚಿತ್ರ ಬಿಡಿಸಿಕೊಂಡು ಬನ್ನಿ. ಎಲ್ಲವನ್ನೂ ಮೇಜಿನ ಮೇಲೆ ಹರಡಿ, ತೂಕದ ಹೋಲಿಕೆ ಪಟ್ಟಿ ಮಾಡಿ. ಅಳೆಯುವ ಗುಣಗಳನ್ನು (ತೂಕ, ತಯಾರಿಕೆಯ ಸುಲಭತೆ, ದುರಸ್ತಿ, ವೆಚ್ಚ, ಸುರಕ್ಷತೆ) ಸಾಲಾಗಿ ಬರೆದು, ಯಾವುದು ಎಷ್ಟು ಮುಖ್ಯ ಎಂಬುದಕ್ಕೆ ಅಂಕಿ ಕೊಟ್ಟು, ಪ್ರತಿ ಉಪಾಯಕ್ಕೆ ಅಂಕ ಹಾಕಿ ಗುಣಿಸಿ ಕೂಡುವ ಪಟ್ಟಿ ಅದು. ಗುಣಗಳ ಮಹತ್ವವನ್ನು ಉಪಾಯಗಳನ್ನು ನೋಡುವ ಮೊದಲೇ ನಿಗದಿ ಮಾಡಿಬಿಡಿ. ನೋಡಿದ ಮೇಲೆ ನಿಗದಿ ಮಾಡಿದರೆ ಮನಸ್ಸಿಗೆ ಹಿಡಿಸಿದ ಉಪಾಯ ಗೆಲ್ಲುವಂತೆ ಅಂಕಿಗಳು ತಾವಾಗಿಯೇ ವಾಲುತ್ತವೆ.

ಗೆದ್ದ ಉಪಾಯವನ್ನು ರಟ್ಟು, ಮರದ ಪಟ್ಟಿ, ದಾರ ಬಳಸಿ ಅದೇ ವಾರ ಒರಟಾಗಿ ಕಟ್ಟಿ ನೋಡಿ. ಕೈ ಹೋಗದ ಜಾಗ, ಸ್ಪ್ಯಾನರ್ ತಿರುಗದ ಮೂಲೆ, ತಂತಿಗೆ ದಾರಿಯಿಲ್ಲದ ಗೋಡೆ, ಎಲ್ಲವೂ ಪರದೆಯ ಮೇಲೆ ಕಾಣದಿದ್ದರೂ ರಟ್ಟಿನಲ್ಲಿ ಕಾಣುತ್ತವೆ.

5. ಲೆಕ್ಕ ಹಾಕಿ, ಉತ್ತರವನ್ನು ಬರೆದಿಡಿ

ಇಲ್ಲಿ ಬಹಳ ಜನ ಹಿಂಜರಿಯುತ್ತಾರೆ. ಹಿಂಜರಿಯುವಂಥದ್ದು ಏನೂ ಇಲ್ಲ. ಬಹುತೇಕ ಸ್ಪರ್ಧೆಗಳಿಗೆ ಬೇಕಾದ ಲೆಕ್ಕ ನಿಮ್ಮ ತರಬೇತಿಯ ಪುಸ್ತಕದಲ್ಲೇ ಇದೆ. ಒಂದು ಉದಾಹರಣೆ ಮಾಡಿಯೇ ನೋಡೋಣ.

10 ಕೆ.ಜಿ. ಭಾರವನ್ನು 5 ಸೆಕೆಂಡಿನಲ್ಲಿ ಅರ್ಧ ಮೀಟರ್ ಮೇಲೆತ್ತಬೇಕು ಎಂದುಕೊಳ್ಳಿ. ಬೇಕಾದ ಬಲ 10 × 9.81, ಅಂದರೆ ಸುಮಾರು 98 ನ್ಯೂಟನ್. ವೇಗ ಸೆಕೆಂಡಿಗೆ 0.1 ಮೀಟರ್. ಎರಡನ್ನೂ ಗುಣಿಸಿದರೆ 9.8 ವಾಟ್. ಹಗ್ಗ ಸುತ್ತುವ ಉರುಳೆಯ ವ್ಯಾಸ 40 ಮಿ.ಮೀ. ಇದ್ದರೆ ತ್ರಿಜ್ಯ 0.02 ಮೀಟರ್, ತಿರುಚುವ ಬಲ, ಅಂದರೆ ಟಾರ್ಕ್, 98 × 0.02 = 1.96 ನ್ಯೂಟನ್ ಮೀಟರ್. ಉರುಳೆ ತಿರುಗಬೇಕಾದ ವೇಗ ಸೆಕೆಂಡಿಗೆ 5 ರೇಡಿಯನ್, ಅಂದರೆ ನಿಮಿಷಕ್ಕೆ ಸುಮಾರು 48 ಸುತ್ತು. ಗೇರ್ ಪೆಟ್ಟಿಗೆ ಮತ್ತು ಬೇರಿಂಗ್‌ಗಳಲ್ಲಿ ಶಕ್ತಿ ಸೋರಿ 60 ಶೇಕಡಾ ಮಾತ್ರ ಉಳಿಯುತ್ತದೆ ಎಂದುಕೊಂಡರೆ ಮೋಟಾರು ಕೊಡಬೇಕಾದದ್ದು 16 ವಾಟ್‌ಗಿಂತ ತುಸು ಹೆಚ್ಚು. ನಿಂತಲ್ಲಿಂದ ಹೊರಡುವಾಗ ಬೇಕಾಗುವ ಹೆಚ್ಚುವರಿ ಬಲ, ಬ್ಯಾಟರಿ ಇಳಿದಾಗಿನ ಕೊರತೆ, ಇವಕ್ಕೂ ಜಾಗ ಬಿಟ್ಟು 30 ವಾಟ್‌ನ ಮೋಟಾರು ಹುಡುಕುವುದು ಸಮಂಜಸ.

ಈಗ ನೋಟ್‌ಬುಕ್‌ನಲ್ಲಿ ಬರೆಯಿರಿ: 'ಅರ್ಧ ಮೀಟರ್ ಎತ್ತಲು 5 ಸೆಕೆಂಡ್, ಉರುಳೆಯ ವೇಗ ನಿಮಿಷಕ್ಕೆ 48 ಸುತ್ತು, ದಕ್ಷತೆ 60 ಶೇಕಡಾ ಎಂಬುದು ಊಹೆ.' ದಿನಾಂಕ ಹಾಕಿ. ಯಾವುದು ಲೆಕ್ಕ, ಯಾವುದು ಊಹೆ ಎಂಬುದು ಬೇರೆ ಬೇರೆಯಾಗಿ ಕಾಣಬೇಕು. ಮುಂದೆ ಪರೀಕ್ಷೆಯಲ್ಲಿ ಅಂಕಿ ತಾಳೆಯಾಗದಿದ್ದಾಗ ಮೊದಲು ಅನುಮಾನಿಸಬೇಕಾದದ್ದು ಊಹೆಯನ್ನೇ.

ಮೋಟಾರು ಆರಿಸುವಾಗ ಪದೇ ಪದೇ ಆಗುವ ತಪ್ಪೊಂದಿದೆ. ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ಸ್ಟಾಲ್ ಟಾರ್ಕ್ ನೋಡಿ ಖರೀದಿಸುತ್ತಾರೆ. ಅದು ಮೋಟಾರು ತಿರುಗದೆ ನಿಂತುಹೋದಾಗ ಕೊಡುವ ಬಲ. ಆ ಸ್ಥಿತಿಯಲ್ಲಿ ಕರೆಂಟೆಲ್ಲ ಶಾಖವಾಗುತ್ತದೆ, ಹೆಚ್ಚು ಹೊತ್ತು ಬಿಟ್ಟರೆ ಸುರುಳಿ ಸುಡುತ್ತದೆ. ನೀವು ನೋಡಬೇಕಾದದ್ದು ನಿರಂತರವಾಗಿ ಕೊಡಬಲ್ಲ ಟಾರ್ಕನ್ನು.

ಚೌಕಟ್ಟಿನ ವಿಷಯಕ್ಕೆ ಬಂದರೆ, ಒಂದು ತುದಿ ಬಿಗಿದು ಇನ್ನೊಂದು ತುದಿಯಲ್ಲಿ ಭಾರ ಹೊತ್ತ ತೊಲೆಯ ನಿಯಮವೊಂದನ್ನು ನೆನಪಿನಲ್ಲಿಡಿ. ಉದ್ದ ಇಮ್ಮಡಿಯಾದರೆ ಬಾಗು ಎಂಟು ಪಟ್ಟಾಗುತ್ತದೆ. ಆಯತಾಕಾರದ ತೊಲೆಯ ಎತ್ತರವನ್ನು ಇಮ್ಮಡಿ ಮಾಡಿದರೆ ಬಾಗು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಲ್ಯೂಮಿನಿಯಂ ಹಗುರವೆಂದು ಉಕ್ಕಿನ ಜಾಗಕ್ಕೆ ಅದೇ ಆಕಾರದಲ್ಲಿ ಹಾಕಿದರೆ ತೂಕ ಸುಮಾರು ಮೂರನೇ ಒಂದು ಭಾಗವಾಗುತ್ತದೆ, ಬಾಗು ಮೂರು ಪಟ್ಟಾಗುತ್ತದೆ. ಉಕ್ಕಿನ ಬಿಗುವಿನ ಗುಣಾಂಕ (ಹೊರೆ ಬಿದ್ದಾಗ ಲೋಹ ಎಷ್ಟು ಬಗ್ಗದೆ ನಿಲ್ಲುತ್ತದೆ ಎಂಬುದರ ಅಳತೆ) ಸುಮಾರು 210 ಗಿಗಾಪ್ಯಾಸ್ಕಲ್, ಅಲ್ಯೂಮಿನಿಯಂನದು ಸುಮಾರು 70. ಆದ್ದರಿಂದ ಲೋಹ ಬದಲಿಸಿದರೆ ಆಕಾರವನ್ನೂ ಬದಲಿಸಬೇಕು, ಎತ್ತರ ಹೆಚ್ಚಿಸಬೇಕು.

ಕಂಪ್ಯೂಟರಿನಲ್ಲಿ ಭಾಗವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು ಒತ್ತಡ ಲೆಕ್ಕ ಹಾಕುವ ಎಫ್‌ಇಎ ವಿಧಾನವನ್ನು ಬಳಸುವುದಾದರೆ ಬಳಸಿ. ಆದರೆ ಅದೇ ಭಾಗವನ್ನು ಸರಳ ತೊಲೆ ಎಂದುಕೊಂಡು ಕೈಯಲ್ಲಿ ಹಾಕಿದ ಲೆಕ್ಕ ಪಕ್ಕದಲ್ಲಿರಲಿ. ಎರಡೂ ಹತ್ತಿರ ಬರದಿದ್ದರೆ ಬಣ್ಣಬಣ್ಣದ ಚಿತ್ರವನ್ನು ನಂಬಬೇಡಿ. ಚೂಪಾದ ಒಳಮೂಲೆಯಲ್ಲಿ ತುಣುಕುಗಳನ್ನು ಚಿಕ್ಕದು ಮಾಡಿದಷ್ಟೂ ಒತ್ತಡದ ಅಂಕಿ ಏರುತ್ತಲೇ ಹೋಗುತ್ತದೆ. ಅಂಥ ಅಂಕಿಗೆ ಅರ್ಥವಿಲ್ಲ. ಮೂಲೆಗೆ ನಿಜದಲ್ಲಿರುವ ದುಂಡಗಿನ ತಿರುವು ಕೊಟ್ಟು ಮತ್ತೆ ನೋಡಿ.

6. ಡ್ರಾಯಿಂಗ್: ನಿಮ್ಮ ಬಲ ಇರುವುದು ಇಲ್ಲೇ

ಯಂತ್ರದ ಮುಂದೆ ನಿಂತು ಬೇರೆಯವರ ಡ್ರಾಯಿಂಗನ್ನು ಮನಸ್ಸಿನಲ್ಲೇ ಶಪಿಸಿದವರು ನೀವು. ಆ ಅನುಭವವನ್ನೆಲ್ಲ ಈಗ ಬಳಸಿ.

ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪಬಹುದಾದ ಹೆಚ್ಚುಕಡಿಮೆ, ಎಲ್ಲೆಡೆ ಬಿಗಿಯಾಗಿ ಹಾಕುವುದು ಹೊಸಬರ ಮೊದಲ ತಪ್ಪು. ಭಾಗವೊಂದರಲ್ಲಿ ನಿಜಕ್ಕೂ ಮುಖ್ಯವಾದ ಅಳತೆಗಳು ಬೆರಳೆಣಿಕೆಯಷ್ಟು. ಉಳಿದವಕ್ಕೆ ಸಾಮಾನ್ಯ ಟಾಲರೆನ್ಸ್ ಸಾಕು. ಐಎಸ್‌ಒ 2768 ಎಂಬ ಅಂತರರಾಷ್ಟ್ರೀಯ ಮಾನದಂಡದ ಮಧ್ಯಮ ದರ್ಜೆಯಲ್ಲಿ 6ರಿಂದ 30 ಮಿ.ಮೀ.ವರೆಗಿನ ಉದ್ದಕ್ಕೆ ±0.2, 30ರಿಂದ 120ರವರೆಗೆ ±0.3, 120ರಿಂದ 400ರವರೆಗೆ ±0.5 ಮಿ.ಮೀ. ಸಲ್ಲುತ್ತದೆ. ಯಾವ ಯಂತ್ರದಲ್ಲೂ ಬೆವರಿಲ್ಲದೆ ಬರುವ ಅಳತೆಗಳಿವು.

ಶಾಫ್ಟ್ ರಂಧ್ರದೊಳಗೆ ತಿರುಗಬೇಕೋ, ಗಟ್ಟಿಯಾಗಿ ಕೂರಬೇಕೋ ಎಂಬುದನ್ನು ಫಿಟ್ ಹೇಳುತ್ತದೆ. 20 ಮಿ.ಮೀ. ವ್ಯಾಸಕ್ಕೆ ಎಚ್7/ಜಿ6 ಫಿಟ್ (ಎಚ್7 ರಂಧ್ರದ, ಜಿ6 ಶಾಫ್ಟ್‌ನ ಟಾಲರೆನ್ಸ್ ಸಂಕೇತ) ಹಾಕಿದರೆ ರಂಧ್ರ 20.000ದಿಂದ 20.021ರೊಳಗೆ, ಶಾಫ್ಟ್ 19.980ರಿಂದ 19.993ರೊಳಗೆ ಇರಬೇಕು. ಅಂದರೆ ಸಡಿಲ ಕನಿಷ್ಠ 7 ಮೈಕ್ರಾನ್, ಗರಿಷ್ಠ 41 ಮೈಕ್ರಾನ್. ಜಾರುತ್ತದೆ, ಆದರೆ ಗಡಗಡ ಅನ್ನುವುದಿಲ್ಲ. ಅದೇ ರಂಧ್ರಕ್ಕೆ ಪಿ6 ಶಾಫ್ಟ್ ಆದರೆ 20.022ರಿಂದ 20.035, ಒತ್ತಿಯೇ ಕೂರಿಸಬೇಕು. ಸ್ಪರ್ಧೆಯ ಯಂತ್ರವನ್ನು ಹತ್ತಾರು ಸಲ ಬಿಚ್ಚಿ ಕಟ್ಟಬೇಕಾಗುತ್ತದೆ. ಹಾಗಾಗಿ ಒತ್ತಿ ಕೂರಿಸುವ ಫಿಟ್ ಅನಿವಾರ್ಯವಾದ ಕಡೆ ಮಾತ್ರ ಇರಲಿ.

ಭಾಗಗಳು ಸಾಲಾಗಿ ಜೋಡಣೆಯಾಗುವಲ್ಲಿ ಹೆಚ್ಚುಕಡಿಮೆಗಳೂ ಕೂಡುತ್ತಾ ಹೋಗುತ್ತವೆ. ±0.2ರ ಐದು ಭಾಗ ಸೇರಿದರೆ ಅತಿ ಕೆಟ್ಟ ಸಂದರ್ಭದಲ್ಲಿ ±1.0 ಮಿ.ಮೀ. ಐದೂ ಒಂದೇ ದಿಕ್ಕಿಗೆ ತಪ್ಪುವುದು ಅಪರೂಪವಾದ್ದರಿಂದ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುವ ಲೆಕ್ಕದಲ್ಲಿ ಸುಮಾರು ±0.45 ಬರುತ್ತದೆ. ಆದರೆ ನೀವು ಮಾಡುವುದು ಒಂದೇ ಯಂತ್ರ. ಆದ್ದರಿಂದ ಅತಿ ಕೆಟ್ಟ ಸಂದರ್ಭಕ್ಕೇ ಸಿದ್ಧರಾಗಿ, ಇಲ್ಲವೇ ಒಂದು ಕಡೆ ಉದ್ದನೆಯ ರಂಧ್ರವನ್ನೋ ತೆಳು ವಾಷರ್‌ಗಳನ್ನೋ ಇಟ್ಟು ಹೊಂದಿಸಿಕೊಳ್ಳುವ ಅವಕಾಶ ಬಿಡಿ.

ಡ್ರಾಯಿಂಗನ್ನು ತಯಾರಿಕೆಗೆ ಕೊಡುವ ಮುನ್ನ ಇಷ್ಟನ್ನು ನೋಡಿಕೊಳ್ಳಿ:

- ಮಿಲ್ಲಿಂಗ್ ಮಾಡುವ ಒಳಮೂಲೆಗಳಿಗೆ ಕಟರ್‌ನ ತ್ರಿಜ್ಯಕ್ಕಿಂತ ತುಸು ಹೆಚ್ಚಿನ ತಿರುವು ಇದೆಯೇ? ದುಂಡಗಿನ ಕಟರ್ ಚೌಕ ಮೂಲೆ ಕಡಿಯಲಾರದು.
- ಎಂ8, ಅಂದರೆ 8 ಮಿ.ಮೀ. ವ್ಯಾಸದ, ಬೋಲ್ಟ್ ಸಲೀಸಾಗಿ ಹಾಯಬೇಕಾದ ರಂಧ್ರ 9 ಮಿ.ಮೀ., ಟ್ಯಾಪ್ ಹಾಕಿ ಒಳಗೆ ಮರೆ (ಥ್ರೆಡ್) ಕಡಿಯಬೇಕಾದದ್ದು 6.8. ಎಂ6ಗೆ 6.6 ಮತ್ತು 5. ಇವೆರಡೂ ಅದಲುಬದಲಾಗಿಲ್ಲವಷ್ಟೇ?
- ಅಲ್ಯೂಮಿನಿಯಂನಲ್ಲಿ ಹಾಕಿದ ಮರೆಗೆ ಬೋಲ್ಟ್ ವ್ಯಾಸದ ಒಂದೂವರೆಯಿಂದ ಎರಡು ಪಟ್ಟು ಆಳ ಇದೆಯೇ? ಉಕ್ಕಿನಲ್ಲಿ ವ್ಯಾಸದಷ್ಟು ಸಾಕು.
- ಎಲ್ಲ ಅಳತೆಗಳೂ ಒಂದೇ ಆಧಾರದ ಮುಖದಿಂದ ಶುರುವಾಗಿವೆಯೇ?
- ಭಾಗದ ಬೇರೆ ಬೇರೆ ನೋಟಗಳನ್ನು ಹಾಳೆಯಲ್ಲಿ ಜೋಡಿಸಿರುವುದು ಮೊದಲ ಕೋನದ ಪ್ರಕ್ಷೇಪದಲ್ಲೋ ಮೂರನೆಯ ಕೋನದ್ದರಲ್ಲೋ, ಚಿಹ್ನೆ ಹಾಕಿದ್ದೀರಾ? ಇದೊಂದು ತಪ್ಪಿದರೆ ಎಡಗೈ ಭಾಗ ಬಲಗೈಯದಾಗಿ ಬರುತ್ತದೆ.

ಡ್ರಾಯಿಂಗ್ ಮಾಡಿದವರು ಬಿಟ್ಟು ಇನ್ನೊಬ್ಬರು ಅದನ್ನು ಪರಿಶೀಲಿಸಿ ಸಹಿ ಹಾಕಬೇಕು. ಪರಿಶೀಲಿಸುವವರು ಕೇಳಿಕೊಳ್ಳಬೇಕಾದದ್ದು ಇಷ್ಟೇ: ಈ ಹಾಳೆ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಕಡೆ ನಾನು ಇದನ್ನು ಮಾಡಬಲ್ಲೆನೇ?

7. ತಡವಾಗಿ ಬರುವುದನ್ನು ಮೊದಲು ತರಿಸಿ

ಬೇಕಾದ ಪ್ರತಿಯೊಂದು ವಸ್ತುವಿನ ಪಟ್ಟಿ ಮಾಡಿ, ಅಂದರೆ ಬಿಲ್ ಆಫ್ ಮೆಟೀರಿಯಲ್ಸ್. ವಾಷರ್, ತಂತಿ, ಫ್ಯೂಸ್ ಎಲ್ಲವೂ ಅದರಲ್ಲಿರಲಿ. ಪ್ರತಿಯೊಂದರ ಮುಂದೆ ಬರಲು ಎಷ್ಟು ದಿನ ಬೇಕೆಂದು ವಿಚಾರಿಸಿ ಬರೆಯಿರಿ. ಮೋಟಾರು, ಬೇರಿಂಗ್, ಬ್ಯಾಟರಿಗಳ ಆರ್ಡರ್ ಚೌಕಟ್ಟಿನ ಡ್ರಾಯಿಂಗ್ ಮುಗಿಯುವ ಮೊದಲೇ ಹೋಗಬೇಕು.

ಜೊತೆಗೆ ವಿನ್ಯಾಸ ಸ್ಥಗಿತದ ದಿನವೊಂದನ್ನು ಗೊತ್ತು ಮಾಡಿ. ಆ ದಿನದ ನಂತರ, ಯಂತ್ರ ಓಡುವುದೇ ಇಲ್ಲ ಅಥವಾ ನಿಯಮಕ್ಕೆ ವಿರುದ್ಧ ಎಂದು ಸಾಬೀತಾದರೆ ಮಾತ್ರ ಬದಲಾವಣೆ. 'ಇದು ಇನ್ನೂ ಚೆನ್ನಾಗಿದೆ' ಎಂಬ ಹೊಸ ಉಪಾಯಗಳೆಲ್ಲ ನೋಟ್‌ಬುಕ್‌ನ ಹಿಂಬದಿಗೆ ಹೋಗಲಿ.

8. ತಯಾರಿಕೆ ಮತ್ತು ಜೋಡಣೆ

ಈ ಭಾಗ ನಿಮಗೆ ಗೊತ್ತಿರುವುದೇ. ಎರಡು ಮೂರು ವಿಷಯ ಮಾತ್ರ ಹೇಳುತ್ತೇನೆ. ಪ್ರತಿ ಭಾಗವನ್ನೂ ಜೋಡಿಸುವ ಮೊದಲು ಅಳೆದು, ನಿಜವಾದ ಅಳತೆಯನ್ನು ಡ್ರಾಯಿಂಗ್ ಮೇಲೆಯೇ ಕೆಂಪು ಶಾಯಿಯಲ್ಲಿ ಬರೆಯಿರಿ. ಜೋಡಣೆಯಲ್ಲಿ ಬಿಗಿದುಕೊಂಡಾಗ ಅರ ಹಿಡಿಯುವ ಮೊದಲು ಆ ಹಾಳೆ ನೋಡಿ. ಸರಿಯಿರುವ ಭಾಗವನ್ನು ಉಜ್ಜಿ, ತಪ್ಪಿರುವುದನ್ನು ಹಾಗೇ ಉಳಿಸುವುದು ಬಹಳ ಸುಲಭ.

3ಡಿ ಮುದ್ರಣದ ಭಾಗಗಳು ಪದರಗಳ ನಡುವೆ ದುರ್ಬಲ. ಎಳೆತ ಪದರಗಳನ್ನು ಬಿಡಿಸುವ ದಿಕ್ಕಿನಲ್ಲಿ ಬೀಳದಂತೆ ಮುದ್ರಿಸಿ. ಪದೇ ಪದೇ ಬಿಚ್ಚುವ ಸ್ಕ್ರೂಗೆ ಪ್ಲಾಸ್ಟಿಕ್‌ನಲ್ಲೇ ಮರೆ ಹಾಕದೆ ಒಳಗೆ ಮರೆಯಿರುವ ಹಿತ್ತಾಳೆಯ ಇನ್‌ಸರ್ಟ್ ಕೂರಿಸಿ.

ಕೆಲಸದ ವೇಳೆ ಮುಗಿದ ಮೇಲೆ ಒಬ್ಬರೇ ಯಂತ್ರದ ಬಳಿ ಕೆಲಸ ಮಾಡಬೇಡಿ, ಎಷ್ಟೇ ಅವಸರವಿರಲಿ. ಕನ್ನಡಕ ಮತ್ತು ಗಾರ್ಡ್ ಇಲ್ಲದೆ ಒಂದು ರಂಧ್ರವನ್ನೂ ಕೊರೆಯಬೇಡಿ. ತಿರುಗುವ ಯಂತ್ರದ ಬಳಿ ಕೈಗವಸು ಬೇಡ. ಲಿಥಿಯಂ ಬ್ಯಾಟರಿ ಇದ್ದರೆ ಅದಕ್ಕೇ ಮಾಡಿದ ಚಾರ್ಜರ್ ಬಳಸಿ, ಯಾರೂ ಇಲ್ಲದ ಕೋಣೆಯಲ್ಲಿ ಚಾರ್ಜ್‌ಗೆ ಬಿಟ್ಟು ಹೋಗಬೇಡಿ, ಫ್ಯೂಸನ್ನು ಬ್ಯಾಟರಿಯ ತುದಿಗೆ ಆದಷ್ಟು ಹತ್ತಿರ ಹಾಕಿ. ತುರ್ತು ನಿಲುಗಡೆಯ ಗುಂಡಿ ಮೊದಲ ಓಟಕ್ಕೂ ಮುಂಚೆ ಕೆಲಸ ಮಾಡುತ್ತಿರಬೇಕು. ಇವುಗಳಲ್ಲಿ ಯಾವುದಕ್ಕೂ ವಿನಾಯಿತಿ ಇಲ್ಲ.

9. ಪರೀಕ್ಷೆ: ಎರಡು ಅಂಕಿಗಳನ್ನು ಪಕ್ಕಪಕ್ಕ ಇಡಿ

ಒಟ್ಟು ಸಮಯದ ಮೂರನೇ ಒಂದು ಭಾಗವನ್ನಾದರೂ ಪರೀಕ್ಷೆಗೆ ಮೀಸಲಿಡಿ. ಹಿಂದಿನ ರಾತ್ರಿ ಜೋಡಣೆ ಮುಗಿಸಿ ಮರುದಿನ ಸ್ಪರ್ಧೆಗೆ ಹೊರಡುವ ತಂಡಗಳು ತಮ್ಮ ಯಂತ್ರದ ಬಗ್ಗೆ ಕಲಿಯುವುದು ತೀರ್ಪುಗಾರರ ಎದುರಿನಲ್ಲಿ.

ಐದನೇ ಹಂತದ ಲೆಕ್ಕದ ಪುಟ ತೆರೆಯಿರಿ. ಹಾಳೆಯಲ್ಲಿ ನಾಲ್ಕು ಕಂಬ (ಕಾಲಂ) ಎಳೆಯಿರಿ: ಏನು, ಲೆಕ್ಕ ಹೇಳಿದ್ದು, ಅಳತೆ ಹೇಳಿದ್ದು, ವ್ಯತ್ಯಾಸಕ್ಕೆ ಕಾರಣ. ನಮ್ಮ ಉದಾಹರಣೆಯಲ್ಲಿ ಭಾರ ಏರಲು 5 ಸೆಕೆಂಡಿನ ಬದಲು 7 ಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. ತಕ್ಷಣ ದೊಡ್ಡ ಮೋಟಾರು ಬೇಕೆಂದು ಹಾರಬೇಡಿ. ಭಾರವಿಲ್ಲದೆ ಉರುಳೆಯ ವೇಗ ಅಳೆಯಿರಿ. ಭಾರವಿದ್ದಾಗ ಮೋಟಾರಿನ ತುದಿಗಳಲ್ಲೇ ವೋಲ್ಟೇಜ್ ಮತ್ತು ಕರೆಂಟ್ ಅಳೆಯಿರಿ. ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದು ಮೋಟಾರಿಗೆ 10 ತಲುಪುತ್ತಿದ್ದರೆ ತಪ್ಪು ತೆಳು ತಂತಿಯದೋ ಸಡಿಲ ಜೋಡಣೆಯದೋ. ವೋಲ್ಟೇಜ್ ಸರಿಯಿದ್ದು ಕರೆಂಟ್ ಹೆಚ್ಚಿದ್ದರೆ ಎಲ್ಲೋ ತಿಕ್ಕಾಟವಿದೆ. ಬೇರಿಂಗ್‌ಗಳು ಒಂದೇ ಸಾಲಿನಲ್ಲಿ ಇವೆಯೇ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ನಾಲ್ಕನೆಯ ಕಂಬವನ್ನು ತುಂಬಲು ನೀವು ಕಳೆಯುವ ಸಂಜೆಗಳಿಗೇ ಪ್ರಾಯೋಗಿಕ ಅನುಭವ ಎನ್ನುವುದು. ಅಂಕಿ ತಾಳೆಯಾಗದಿದ್ದರೆ ಬೇಸರಪಡಬೇಡಿ, ಅಳಿಸಿ ಬರೆಯಲೂ ಬೇಡಿ.

ಓಡುತ್ತದೆ ಎಂದಾದ ಮೇಲೆ, ಹೇಗೆ ಕೆಡಬಹುದು ಎಂಬುದನ್ನು ಯೋಚಿಸಿ. ಇದಕ್ಕೆ ಎಫ್‌ಎಂಇಎ ಎಂಬ ಪದ್ಧತಿ ಇದೆ. ಕೆಡುವ ಪ್ರತಿ ಬಗೆಗೂ ಪರಿಣಾಮದ ತೀವ್ರತೆ, ಆಗುವ ಸಂಭವ, ಮೊದಲೇ ಪತ್ತೆಹಚ್ಚುವ ಕಷ್ಟ, ಈ ಮೂರಕ್ಕೂ 1ರಿಂದ 10ರವರೆಗೆ ಅಂಕ ಕೊಟ್ಟು ಗುಣಿಸುತ್ತಾರೆ. ಗುಣಲಬ್ಧ ದೊಡ್ಡದಿರುವುದನ್ನು ಮೊದಲು ಸರಿಪಡಿಸಿ. ಆದರೆ ಯಾರಿಗಾದರೂ ಪೆಟ್ಟಾಗುವಂಥದ್ದು ಇದ್ದರೆ ಗುಣಲಬ್ಧ ಎಷ್ಟೇ ಚಿಕ್ಕದಿರಲಿ, ಅದೇ ಮೊದಲು.

10. ತೀರ್ಪುಗಾರರ ಮುಂದೆ

ತೀರ್ಪುಗಾರರು ಕೇಳುವುದರಲ್ಲಿ ಬಹುಪಾಲು 'ಏಕೆ' ಎಂಬ ಪ್ರಶ್ನೆಗಳು. ಈ ದಪ್ಪ ಏಕೆ, ಈ ಲೋಹ ಏಕೆ, ಇಲ್ಲಿ ವೆಲ್ಡಿಂಗ್ ಬಿಟ್ಟು ಬೋಲ್ಟ್ ಏಕೆ? 'ತಂತ್ರಾಂಶ ಹಾಗೆ ತೋರಿಸಿತು', 'ಕಳೆದ ವರ್ಷದವರು ಹಾಗೆ ಮಾಡಿದ್ದರು' ಎಂಬ ಉತ್ತರಗಳು ಬೇಡ. ನಾಲ್ಕು ಕಂಬದ ಹಾಳೆಯನ್ನೇ ಮೇಜಿನ ಮೇಲಿಟ್ಟು ತೋರಿಸಿ. ಲೆಕ್ಕ ತಪ್ಪಿದ ಕಡೆ ಬೆರಳಿಟ್ಟು, ಕಾರಣ ಹೇಳಿ, ಏನು ಬದಲಿಸಿದಿರಿ ಎಂದು ವಿವರಿಸುವ ತಂಡದ ಮೇಲೆ ವಿಶ್ವಾಸ ಮೂಡುತ್ತದೆ. ಒಬ್ಬರೇ ಮಾತನಾಡಬೇಡಿ. ಭಾಗ ಮಾಡಿದವರೇ ಆ ಭಾಗದ ಬಗ್ಗೆ ಹೇಳಲಿ, ಮಾತು ತಡವರಿಸಿದರೂ ಸರಿ.

ಸ್ಥಳಕ್ಕೆ ಒಯ್ಯುವ ಪೆಟ್ಟಿಗೆಯಲ್ಲಿ ಸವೆಯುವ ಭಾಗಗಳ ಇನ್ನೊಂದು ಜೊತೆ, ಯಂತ್ರದಲ್ಲಿರುವ ಪ್ರತಿ ಗಾತ್ರದ ಬೋಲ್ಟ್, ಫ್ಯೂಸ್‌ಗಳು, ಮಲ್ಟಿಮೀಟರ್ ಮತ್ತು ಎಲ್ಲ ಡ್ರಾಯಿಂಗ್‌ಗಳ ಮುದ್ರಿತ ಪ್ರತಿ ಇರಲಿ.

11. ಮುಗಿದ ವಾರದಲ್ಲೇ ದಾಖಲೆ ಬರೆಯಿರಿ

ಸ್ಪರ್ಧೆ ಮುಗಿದು ಒಂದು ತಿಂಗಳು ಕಳೆದರೆ ಅರ್ಧ ಮರೆತುಹೋಗಿರುತ್ತದೆ. ಅದೇ ವಾರ ಕುಳಿತು ಬರೆಯಿರಿ. ನಿಮ್ಮ ತರಬೇತಿಯ ಲಾಗ್‌ಬುಕ್‌ನಲ್ಲಿ ಯಾವ ಯಾವ ಕೌಶಲಗಳಿಗೆ ಪುರಾವೆ ಕೇಳಿದ್ದಾರೋ ನೋಡಿ, ಒಂದೊಂದಕ್ಕೂ ಈ ಕೆಲಸದಿಂದ ಒಂದು ಹಾಳೆ ಜೋಡಿಸಿ: ಲೆಕ್ಕಕ್ಕೆ ಲೆಕ್ಕದ ಪುಟ, ಡ್ರಾಯಿಂಗ್‌ಗೆ ಕೆಂಪು ಶಾಯಿಯ ಅಳತೆಗಳಿರುವ ಪ್ರತಿ, ದೋಷ ಪತ್ತೆಗೆ ನಾಲ್ಕು ಕಂಬದ ಹಾಳೆ. 'ನಾವು ಮಾಡಿದೆವು' ಎಂದಷ್ಟೇ ಬರೆದರೆ ಮೌಲ್ಯಮಾಪಕರಿಗೆ ನಿಮ್ಮ ಪಾಲು ಕಾಣುವುದಿಲ್ಲ. 'ಉರುಳೆ ಮತ್ತು ಅದರ ಶಾಫ್ಟ್‌ನ ಲೆಕ್ಕ, ಡ್ರಾಯಿಂಗ್, ಟರ್ನಿಂಗ್ ನನ್ನದು. ಬೇರಿಂಗ್ ಮನೆಗಳನ್ನು ಜೊತೆಗಾರರು ಮಾಡಿದರು' ಎಂದು ಬಿಡಿಸಿ ಬರೆಯಿರಿ. ಯಂತ್ರದ ಚಿತ್ರಗಳನ್ನು ಬಳಸುವ ಮೊದಲು ನೀವು ಕೆಲಸ ಮಾಡುವ ಸಂಸ್ಥೆಯ ಒಪ್ಪಿಗೆ ಕೇಳಿ; ಹಿನ್ನೆಲೆಯಲ್ಲಿ ಗ್ರಾಹಕರ ಜಾಬ್ ಕಾಣುತ್ತಿದ್ದರೆ ಆ ಚಿತ್ರ ಬೇಡ.

ಡ್ರಾಯಿಂಗ್‌ಗಳು, ಖರೀದಿ ಪಟ್ಟಿ, ಪರೀಕ್ಷೆಯ ಹಾಳೆಗಳು ಮತ್ತು ನೋಟ್‌ಬುಕ್‌ನ ಹಿಂಬದಿಗೆ ಹೋದ ಆ ಉಪಾಯಗಳು, ಇವೆಲ್ಲದರ ಒಂದು ಪ್ರತಿಯನ್ನು ಮುಂದಿನ ತಂಡಕ್ಕೆಂದು ಕಾರ್ಯಾಗಾರದ ಕಪಾಟಿನಲ್ಲಿಡಿ. ಯಂತ್ರವನ್ನು ಬಿಚ್ಚುವುದಿದ್ದರೆ ಸವೆದ ಭಾಗಗಳನ್ನು ಅಳೆದು, ಆ ಅಂಕಿಗಳನ್ನೂ ಅದೇ ಕಡತಕ್ಕೆ ಸೇರಿಸಿದ ಮೇಲೆ ಬಿಚ್ಚಿ.